ಹೊಳೆಯುವ ನಾಲ್ಕು ಗುಂಡಿಗಳು

ಬಾಗಿಲಿಗೆ ಕೀಪ್ಯಾಡ್ ಲಾಕ್ ಹಾಕಿಸಿದ್ದೀರಾ? ಮೊದಲು ಕಂಪನಿ ಕೊಟ್ಟ ಮಾಸ್ಟರ್ ಕೋಡ್ ಬದಲಿಸಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಮಾಡೆಲ್ ನಂಬರ್ ಗೊತ್ತಿದ್ದರೆ ಯಾರಿಗಾದರೂ ಸಿಗುತ್ತದೆ. ಹುಟ್ಟಿದ ವರ್ಷವನ್ನಂತೂ ಕೋಡ್ ಮಾಡಲೇಬೇಡಿ.

ನಾಲ್ಕಂಕಿಯ ಕೋಡ್‌ಗೆ 10,000 ಸಾಧ್ಯತೆಗಳು. ಆದರೆ ದಿನವೂ ಒತ್ತಿಸಿಕೊಂಡ ಅದೇ ನಾಲ್ಕು ಗುಂಡಿಗಳು ಸವೆದು ಹೊಳೆಯತೊಡಗಿದರೆ, ಉಳಿಯುವುದು ಬರೀ 24! ಹಾಗಾಗಿ ಆಗಾಗ ಅಂಕಿಗಳನ್ನೇ ಬದಲಿಸಿ, ಗುಂಡಿಗಳನ್ನು ಒರೆಸಿ. ಮನೆಗೆಲಸಕ್ಕೆ ಬರುವವರಿಗೆ ಬೇರೆಯದೇ ಕೋಡ್ ಕೊಡಿ.

ಲಾಕ್ ಜೊತೆ ಬಂದ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಮರೆಯಬೇಡಿ. ಊರಿಗೆ ಹೋಗುವಾಗ ಅಮ್ಮ ಪಕ್ಕದ ಮನೆಯ ಅಕ್ಕನಿಗೆ ಕೀಲಿ ಕೊಡುತ್ತಿದ್ದರು. ಆ ರೂಢಿ ಉಳಿಯಲಿ. ಬ್ಯಾಟರಿ ಮುಗಿದ ರಾತ್ರಿ ಬಾಗಿಲು ತೆರೆಸುವುದು ಆ ನಂಬಿಕೆಯೇ.