ಚಿಕ್ಕಜಾಲದಿಂದ ಎಸ್.ಪಿ. ರಸ್ತೆಗೆ: ಮೇಜು ಇದ್ದಷ್ಟು ಮಾನಿಟರ್

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ, ಯಲಹಂಕ ದಾಟಿದ ಮೇಲೆ ದೇವನಹಳ್ಳಿಗೆ ಮೊದಲೇ ಸಿಗುವ ಊರು ಚಿಕ್ಕಜಾಲ. ಅದರ ನೆರೆಯಲ್ಲೇ ದೊಡ್ಡಜಾಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಈ ದಾರಿಯಲ್ಲಿ ಧಾವಿಸುವ ಬಹುಪಾಲು ಪ್ರಯಾಣಿಕರಿಗೆ ಇವೆರಡೂ ಕಾರಿನ ಕಿಟಕಿಯಾಚೆ ಸರಿದುಹೋಗುವ ನಾಮಫಲಕಗಳಷ್ಟೇ. ಊರಿನವರ ಬದುಕು ಮಾತ್ರ ಸಾಕಷ್ಟು ಬದಲಾಗಿದೆ. ದ್ರಾಕ್ಷಿ, ತರಕಾರಿ ಬೆಳೆಯುತ್ತಿದ್ದ ಸೀಮೆಯ ಮಕ್ಕಳು ಇಂದು ಹುಣಸಮಾರನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಕಾಲೇಜಿಗೋ ಕಟ್ಟಿಗೇನಹಳ್ಳಿಯ ರೇವಾ ವಿಶ್ವವಿದ್ಯಾಲಯಕ್ಕೋ ಹೋಗುತ್ತಾರೆ. ಊರಿನ ಹೆಸರಿನಲ್ಲೇ ಜಾಲವಿದ್ದ ಮೇಲೆ ಅಂತರ್ಜಾಲ ಮನೆ ಹೊಕ್ಕದ್ದರಲ್ಲಿ ಆಶ್ಚರ್ಯವೇನಿದೆ? ಚಿಕ್ಕದೋ ದೊಡ್ಡದೋ ಎಂಬ ಪ್ರಶ್ನೆಯೂ ಹಾಗೆಯೇ ಮನೆಗಳಿಗೆ ಬಂದು ಕುಳಿತಿದೆ. ಮಕ್ಕಳಿಗೆ ಎಷ್ಟು ದೊಡ್ಡ ಮಾನಿಟರ್ ಕೊಡಿಸಬೇಕು?

ಕಳೆದ ತಿಂಗಳು ನಮ್ಮ ನೆರೆಮನೆಯವರು ಇದೇ ಪ್ರಶ್ನೆ ಹೊತ್ತು ಪೇಟೆಗೆ ಹೊರಟಾಗ ನಾನೂ ಜೊತೆಗೂಡಿದೆ. ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಪ್‌ಟಾಪಿನ 15.6 ಇಂಚಿನ ಪರದೆಗೆ ಬಾಗಿ ಬಾಗಿ ಆಕೆಗೆ ಕುತ್ತಿಗೆನೋವು ಶುರುವಾಗಿತ್ತು. ತಂದೆಯ ಜೇಬಿನಲ್ಲಿದ್ದುದು ಹತ್ತು ಸಾವಿರ ರೂಪಾಯಿ. ಅದರಲ್ಲೇ ಮುಂದಿನ ಪರೀಕ್ಷಾ ಶುಲ್ಕವೂ ಹೊರಡಬೇಕು.

ದೇವನಹಳ್ಳಿ ಕಡೆಯಿಂದ ಬರುವ ಬಿ.ಎಂ.ಟಿ.ಸಿ. ಬಸ್ಸು ಹತ್ತಿದರೆ ಹುಣಸಮಾರನಹಳ್ಳಿ, ಯಲಹಂಕದ ವಾಯುನೆಲೆ, ಜಕ್ಕೂರು ದಾಟಿ ಹೆಬ್ಬಾಳದ ಮೇಲುಸೇತುವೆಗೆ ಬರುತ್ತೇವೆ. ಅಲ್ಲಿ ವಾಹನಗಳ ಸಾಲು ಕರಗುವಷ್ಟರಲ್ಲಿ ಒಂದು ನಿದ್ದೆ ಮುಗಿದಿರುತ್ತದೆ. ಮುಂದೆ ಮೇಖ್ರಿ ವೃತ್ತ, ಆಮೇಲೆ ಮೆಜೆಸ್ಟಿಕ್. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಚಿಕ್ಕಪೇಟೆ. ಇಳಿದು ಜನಜಂಗುಳಿಯಲ್ಲಿ ನಡೆದರೆ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆ. ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ ಹೇಗೋ, ಕಂಪ್ಯೂಟರ್ ಬಿಡಿಭಾಗಗಳಿಗೆ ಈ ಬೀದಿ ಹಾಗೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ವಾರದ ದಿನವೇ ಲೇಸು.

ಕಿರಿದಾದ ಮೆಟ್ಟಿಲು ಹತ್ತಿ ಹೊಕ್ಕ ಅಂಗಡಿಯಲ್ಲಿ ಗೋಡೆ ತುಂಬ ಪರದೆಗಳು. 22 ಇಂಚಿನದು ಏಳು ಸಾವಿರದ ಆಸುಪಾಸು, 24ರದು ಎಂಟು ಸಾವಿರ ಚಿಲ್ಲರೆ, 27ರದು ಹನ್ನೊಂದು ಸಾವಿರದ ಮೇಲೆ. "ಒಂದೇ ಸಲ ದೊಡ್ಡದನ್ನೇ ತಗೊಂಡ್ಬಿಡೋಣಮ್ಮ, ಸಾಲ ಮಾಡಿದ್ರೂ ಪರವಾಗಿಲ್ಲ" ಎಂದರು ತಂದೆ. "ನೋಡೋಣ ಇರಪ್ಪ" ಎಂದಳು ಮಗಳು.

ಇಲ್ಲಿ ಕೊಂಚ ಲೆಕ್ಕ ಬೇಕು. ಮಾನಿಟರಿನ ಇಂಚೆಂದರೆ ಅಗಲವಲ್ಲ, ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಉದ್ದ. ಹಿಂದಿನ ಡಬ್ಬಿಯಂಥ ಮಾನಿಟರುಗಳ ಕಾಲದಲ್ಲಿ ಅದರಲ್ಲೂ ಒಂದಿಷ್ಟು ಗಾಜು ಚೌಕಟ್ಟಿನೊಳಗೆ ಅಡಗಿರುತ್ತಿತ್ತು. 15 ಇಂಚು ಎಂದು ಕೊಂಡದ್ದರಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಸುಮಾರು 14. ಈಗ ಆ ತೊಂದರೆಯಿಲ್ಲ. 22 ಎಂದು ಮಾರುವ ಪರದೆ ಸಾಮಾನ್ಯವಾಗಿ 21.5 ಇಂಚಿನದು; ಅಗಲ ಸುಮಾರು 48, ಎತ್ತರ 27 ಸೆಂಟಿಮೀಟರ್. 24 ಎಂಬುದು 23.8, ಅಗಲ 53, ಎತ್ತರ 30. ಲ್ಯಾಪ್‌ಟಾಪಿನ ಪರದೆಗಿಂತ ಇದರ ವಿಸ್ತೀರ್ಣ ಎರಡು ಪಟ್ಟಿಗೂ ಮಿಗಿಲು. 27 ಇಂಚಿನದು 60 ಸೆಂಟಿಮೀಟರ್ ಅಗಲ.

ಆದರೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಕಾಣುತ್ತದೆ ಎಂದುಕೊಳ್ಳಬೇಡಿ. ಕಡಿಮೆ ಬೆಲೆಯ 22, 24, 27 ಈ ಮೂರರಲ್ಲೂ ಇರುವುದು ಸಾಮಾನ್ಯವಾಗಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳೇ. ಒಟ್ಟು ಇಪ್ಪತ್ತು ಲಕ್ಷ ಚಿಲ್ಲರೆ. ಅಷ್ಟೇ ಹಿಟ್ಟಿನಲ್ಲಿ ದೊಡ್ಡ ರೊಟ್ಟಿ ತಟ್ಟಿದರೆ ತೆಳ್ಳಗಾಗುವುದಿಲ್ಲವೇ? 22ರಲ್ಲಿ ಇಂಚಿಗೆ 102 ಚುಕ್ಕಿಗಳಿದ್ದರೆ 24ರಲ್ಲಿ 93, 27ರಲ್ಲಿ ಬರೀ 82. ಇಂಗ್ಲಿಷಿನ ದುಂಡು ಅಕ್ಷರಕ್ಕೆ ಇದು ಅಷ್ಟಾಗಿ ತಟ್ಟದು. ನಮ್ಮ ಒತ್ತಕ್ಷರಗಳ ಪಾಡು ಬೇರೆ. ಹುಡುಗಿ ಜಾಣೆ, ತನ್ನ ಲ್ಯಾಪ್‌ಟಾಪನ್ನು ಎರಡೂ ಪರದೆಗೆ ಜೋಡಿಸಿ ಕನ್ನಡದ ಪುಟವೊಂದನ್ನು ಸಣ್ಣ ಅಕ್ಷರದಲ್ಲಿ ತೆರೆದಳು. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಒತ್ತುಗಳು 24ರಲ್ಲಿ ಬಿಡಿಬಿಡಿಯಾಗಿ ಕಂಡವು. 27ರಲ್ಲಿ ಅಂಚು ಹರಿದಂತೆ ತೋರಿದವು. ದೊಡ್ಡ ಪರದೆಯಲ್ಲೂ ಅಕ್ಷರ ಚೆನ್ನಾಗಿರಬೇಕಾದರೆ 2560×1440 ಚುಕ್ಕಿಗಳದ್ದೇ ಬೇಕು, ಅದರ ಬೆಲೆ ಇನ್ನೂ ಹೆಚ್ಚು. ವಾಸ್ತುಶಿಲ್ಪ, ವಿನ್ಯಾಸ ಓದುವವರಿಗೆ ಅದು ಸಾರ್ಥಕ, ಉಳಿದವರಿಗೆ ಅವಸರವಿಲ್ಲ.

ಎರಡನೆಯ ಅಳತೆ ಮೇಜಿನದು. ಪರದೆ ಕಣ್ಣಿನಿಂದ ಚಾಚಿದ ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರವಿರಬೇಕು. ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಕ್ಕೋ ಬರಬೇಕು. ಹಾಸ್ಟೆಲಿನ ಮೇಜು ಗೋಡೆಯಿಂದ ಒಂದೂವರೆ ಅಡಿಯಷ್ಟೇ ಇದ್ದರೆ ಅದರಲ್ಲಿ ಅರ್ಧ ಅಡಿ ಮಾನಿಟರಿನ ಪಾದಕ್ಕೇ ಹೋಗುತ್ತದೆ. ಅಲ್ಲಿ 22 ಸಾಕು. ಎರಡಡಿ ಮೇಜಿಗೆ 24 ಹೊಂದುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಮಾನಿಟರ್ ನೋಡಿದವರಲ್ಲ, ಆದರೂ ಮಾತು ಒಪ್ಪುತ್ತದೆ.

ಹಣ ಇನ್ನೂ ಕಡಿಮೆಯಿದೆಯೇ? ಈ ಬೀದಿಯಲ್ಲಿ ಕಚೇರಿಗಳು ಬಿಟ್ಟುಕೊಟ್ಟ ಸೆಕೆಂಡ್‌ಹ್ಯಾಂಡ್ ಮಾನಿಟರುಗಳೂ ಸಿಗುತ್ತವೆ. ಚೌಕಾಕಾರಕ್ಕೆ ಹತ್ತಿರವಿರುವ ಹಳೆಯ 19 ಇಂಚಿನದರ ಎತ್ತರ 30 ಸೆಂಟಿಮೀಟರ್. ಹೊಸ 22ಕ್ಕಿಂತ ಹೆಚ್ಚು! ಪಾಠದ ಪುಟ ಓದಲು, ಪ್ರೋಗ್ರಾಂ ಬರೆಯಲು ಅದು ಧಾರಾಳ. ಆದರೆ ಅದರಲ್ಲಿ ವಿಜಿಎ ಕಿಂಡಿ ಮಾತ್ರ ಇದ್ದು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ನಡುವೆ ಒಂದು ಪರಿವರ್ತಕ ಕೊಳ್ಳಬೇಕು. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿಸಿ ಸತ್ತ ಚುಕ್ಕಿಗಳಿವೆಯೇ ನೋಡಿ. ಮನೆಯಲ್ಲಿರುವ 32 ಇಂಚಿನ ಟಿ.ವಿ.ಯನ್ನೇ ಬಳಸೋಣವೆಂದರೆ, ಅವುಗಳಲ್ಲಿ ಅನೇಕಕ್ಕೆ 1366×768 ಚುಕ್ಕಿಗಳಷ್ಟೇ; ಹತ್ತಿರ ಕುಳಿತು ಓದಲು ಕಣ್ಣಿಗೆ ಶಿಕ್ಷೆ.

ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಶೇ. 18 ಜಿ.ಎಸ್.ಟಿ. ಸೇರಿಸಿದ ಬಿಲ್ಲೇ ಮುಂದೆ ವಾರಂಟಿಗೆ ಆಧಾರ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಮನೆಗೆ ಬರುತ್ತಾರೋ ನಾವೇ ಹೊತ್ತು ತರಬೇಕೋ ಎಂದು ಕೇಳಿಕೊಳ್ಳಿ. ಚಿಕ್ಕಜಾಲದಿಂದ ಮತ್ತೆ ಬರುವುದೆಂದರೆ ಒಂದು ದಿನದ ಕೂಲಿಗೆ ಸಮ.

ತಂದೆ, ಮಗಳು ಕೊನೆಗೆ 24 ಇಂಚಿನದನ್ನೇ ಒಪ್ಪಿದರು. ಉಳಿದ ಸಾವಿರ ಚಿಲ್ಲರೆ ರೂಪಾಯಿ ಪರೀಕ್ಷಾ ಶುಲ್ಕದ ಲೆಕ್ಕಕ್ಕೆ ಸೇರಿತು, ಸಾಲದ ಮಾತು ಅಲ್ಲಿಗೆ ಮುಗಿಯಿತು. ಮಾನಿಟರಿನ ಪೆಟ್ಟಿಗೆ ಭಾರವೇನಲ್ಲ, ಆದರೆ ಅಗಲ. ಸಂಜೆಯ ನೂಕುನುಗ್ಗಲಿಗೆ ಮೊದಲೇ ಬಸ್ಸು ಹಿಡಿಯುವುದು ಕ್ಷೇಮ. ಹೊರಡುವ ಮುನ್ನ ಮಾಡಬೇಕಾದ ಕೆಲಸ ಒಂದೇ: ಟೇಪು ಹಿಡಿದು ಮೇಜಿನ ಉದ್ದಗಲ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯ ಗೋಡೆಯ ಮೇಲೆ ಎಲ್ಲ ಪರದೆಯೂ ಚಿಕ್ಕದಾಗಿಯೇ ಕಾಣುತ್ತದೆ.