ಗೊಂಬೆ ಬಾಗಿನಕ್ಕೆ ಬಂದ ನಾನೂರು ಪುಟ್ಟ ಕೈಗಳು

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಹಳೇ ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ಎರಡು ಚಿಂತೆ. ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಇಳಿಸಿಕೊಡೋರು ಯಾರು ಅನ್ನೋದು ಒಂದು. ಸಂಜೆ ಆದ್ರೆ ಸಾಕು, ದಂಡು ಕಟ್ಟಿಕೊಂಡು ಬರೋ ಮಕ್ಕಳ ಕೈಗೆ ಏನು ಹಾಕೋದು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಪಕ್ಕದ ಮನೆ ಹುಡುಗ ಸಿಕ್ಕುತ್ತಾನೆ. ಎರಡನೆಯದಕ್ಕೆ ನಾವೇ ಲೆಕ್ಕ ಹಾಕಬೇಕು.

ಬೇರೆ ಕಡೆಯ ಓದುಗರಿಗೆ ಒಂದು ಮಾತು. ನಮ್ಮಲ್ಲಿ ದಸರಾಕ್ಕೆ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆಗಳನ್ನು ಕೂರಿಸುತ್ತೇವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯ ಮಕ್ಕಳು ಮನೆಮನೆಗೆ ಹೋಗಿ "ಗೊಂಬೆ ಕೂರ್ಸಿದ್ದೀರಾ?" ಅಂತ ಕೇಳುತ್ತಾರೆ. ಹೌದು ಅಂದರೆ ಒಳಗೆ ಬಂದು ಗೊಂಬೆ ನೋಡಿ, ಕೇಳಿದರೆ ಒಂದು ಹಾಡು ಹೇಳಿ, ಬಾಗಿನ ಇಸ್ಕೊಂಡು ಮುಂದಿನ ಮನೆಗೆ ಓಡುತ್ತಾರೆ. ಗೊಂಬೆ ಬಾಗಿನ ಅಂದರೆ ದೊಡ್ಡದೇನಲ್ಲ, ಒಂದು ಹಿಡಿ ಉಸಲಿ, ಒಂದು ಪುಟ್ಟ ಉಂಡೆ, ಎರಡು ಚೂರು ಕೊಬ್ಬರಿ ಮಿಠಾಯಿ. ನಾವು ಚಿಕ್ಕವರಿದ್ದಾಗ ಸ್ಟೀಲ್ ಡಬ್ಬಿ ಹಿಡಿದು ಹೋಗುತ್ತಿದ್ದೆವು. ಯಾರ ಮನೆಯಲ್ಲಿ ಯಾವ ದಿನ ಕೋಡುಬಳೆ ಅನ್ನೋದು ಇಡೀ ಬೀದಿಗೆ ಮೊದಲೇ ಗೊತ್ತಿರುತ್ತಿತ್ತು.

ನಮ್ಮ ಮನೆ ಇರೋದು ಚನ್ನಪಟ್ಟಣದಲ್ಲಿ, ಗೊಂಬೆಗಳ ಊರಲ್ಲೇ. ಕಳೆದ ವರ್ಷ, ಅಂದರೆ 2025ರಲ್ಲಿ, ನವರಾತ್ರಿ ಶುರುವಾಗುವ ಎರಡು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಆಪರೇಷನ್ ಆಗಿತ್ತು. ಪಿಂಚಣಿ ಮನೆ, ಔಷಧಿ ಖರ್ಚು ಬೇರೆ. ಬೆಂಗಳೂರಿನಿಂದ ಮಗ ಫೋನ್ ಮಾಡಿ, "ಈ ಸಲ ಬೇಡ ಬಿಡಮ್ಮ, ಪಟ್ಟದ ಗೊಂಬೆ ಎರಡಿಟ್ಟು ಬಾಗ್ಲು ಹಾಕ್ಕೊಂಡ್ಬಿಡು" ಅಂದ. ಸಾಲದ್ದಕ್ಕೆ ಆ ವರ್ಷ ತಿಥಿ ಹೆಚ್ಚಾಗಿ ಸೆಪ್ಟೆಂಬರ್ 22ಕ್ಕೆ ಶುರುವಾದ ಹಬ್ಬ ಅಕ್ಟೋಬರ್ 2ರ ವಿಜಯದಶಮಿವರೆಗೆ 11 ದಿನ. ಒಂದು ದಿನ ಹೆಚ್ಚು ಅಂದರೆ ಒಂದು ದಿನದ ಬಾಗಿನವೂ ಹೆಚ್ಚು!

ಯಜಮಾನರು ಮಾತ್ರ ಮಂಚದ ಮೇಲಿಂದಲೇ, "ಮಕ್ಳು ಬರ್ಲಿ ಕಣೇ, ನನಗೂ ಹೊತ್ತು ಹೋಗುತ್ತೆ" ಅಂದರು. ಸರಿ, ಒಂದು ಮಿತಿ ಹಾಕಿಕೊಂಡೆ. ಬಾಗಿನಕ್ಕೆ 1,500 ರೂಪಾಯಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ದಿನಕ್ಕೆ ಸರಾಸರಿ 40 ಮಕ್ಕಳು ಅಂದುಕೊಂಡರೂ ಒಟ್ಟು 440 ಆಗುತ್ತೆ. ಐದು ರೂಪಾಯಿಯ ಬಿಸ್ಕತ್ ಪೊಟ್ಟಣ ಕೊಟ್ಟರೆ 2,200 ಬೇಕು. ಅಲ್ಲಿಗೆ ಅಂಗಡಿ ತಿಂಡಿ ನಮ್ಮ ಪಾಲಿಗಿಲ್ಲ ಅಂತ ತೀರ್ಮಾನ ಆಯ್ತು.

ಮೊದಲು ಮಾಡಿದ್ದು, ಕೆಡದ ತಿಂಡಿ, ಅವತ್ತವತ್ತೇ ಮಾಡೋ ತಿಂಡಿ ಅಂತ ಎರಡು ಭಾಗ. ಹಬ್ಬಕ್ಕೆ ಮೂರು ದಿನ ಮುಂಚೆ ಒಂದು ಕೆ.ಜಿ. ಮೈದಾ ಕಲಸಿ ಶಂಕರಪೋಳಿ ಕರಿದು ಡಬ್ಬಕ್ಕೆ ತುಂಬಿದೆ. ಮಾಗಡಿಯಿಂದ ನಾದಿನಿ ಕಳಿಸಿದ ರಾಗಿ ಹುರಿಹಿಟ್ಟಿಗೆ ಬೆಲ್ಲ, ಏಲಕ್ಕಿ, ಸ್ವಲ್ಪ ತುಪ್ಪ ಸೇರಿಸಿ ನಿಂಬೆಗಾತ್ರದ ಉಂಡೆ ಕಟ್ಟಿದೆ. ಈಗಿನ ಮಕ್ಕಳು ಹುರಿಹಿಟ್ಟು ಮುಟ್ಟಲ್ಲ ಅಂತ ನಾದಿನಿಗೇ ಅನುಮಾನ. ಆದರೆ ಉಂಡೆ ಆಗಿ ಕೈಗೆ ಬಂದರೆ ಯಾವ ಮಗುವೂ ಬೇಡ ಅನ್ನಲಿಲ್ಲ.

ಉಳಿದ ದಿನಗಳಿಗೆ ಕಾಳೇ ದೇವರು. ಒಂದು ಕೆ.ಜಿ. ಕಪ್ಪು ಕಡಲೆಯನ್ನು ಹಿಂದಿನ ರಾತ್ರಿ ನೆನೆಹಾಕಿದರೆ ಬೆಂದ ಮೇಲೆ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗು ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರೆ 45 ಮಕ್ಕಳಿಗೆ ಆರಾಮಾಗಿ ಸಾಕು. ಒಂದು ದಿನ ಕಡಲೆ, ಒಂದು ದಿನ ಹೆಸರುಕಾಳು, ಒಂದು ದಿನ ಬಟಾಣಿ. ತೆಂಗಿನಕಾಯಿ ಬೆಲೆ ಆ ವರ್ಷ ಕೇಳೋ ಹಾಗೇ ಇರಲಿಲ್ಲ. ಅದಕ್ಕೆ ಉಸಲಿಗೆ ಕಾಯಿತುರಿ ಮೇಲೆ ಉದುರಿಸುವಷ್ಟು ಮಾತ್ರ. ಕೊಬ್ಬರಿ ಮಿಠಾಯಿ ಸರಸ್ವತಿ ಪೂಜೆಯ ದಿನ ಒಂದೇ ಒಂದು ಸಲ, ಅದೂ ಬೆರಳ ತುದಿಯಷ್ಟು ಚೌಕ.

ಇನ್ನೊಂದು ಅಗ್ಗದ ಮಾರ್ಗ ಕಡಲೆಪುರಿ. ಒಂದು ಕೆ.ಜಿ. ಪುರಿ, ಕಾಲು ಕೆ.ಜಿ. ಹುರಿಗಡಲೆ, ಕಾಲು ಕೆ.ಜಿ. ಬೆಲ್ಲದ ಚೂರು ಬೆರೆಸಿದರೆ 40 ಲೋಟ ಆಗುತ್ತೆ. ಆದರೆ ಆಯುಧಪೂಜೆ ಹತ್ತಿರ ಬಂದಂತೆ ಪುರಿ ಬೆಲೆ ಏರುತ್ತೆ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋ ಘಟಕದಲ್ಲಿರೋ ನನ್ನ ತಂಗಿ ಮಗ, "ಚಿಕ್ಕಮ್ಮ ಹೇಳ್ತಾಳೆ, ದೊಡ್ಡಮ್ಮನೂ ಕೇಳ್ಕೋಬೇಕು, ಪುರಿ ಒಂದು ವಾರ ಮುಂಚೆ ತಗೊಂಡ್ಬಿಡಿ" ಅಂತ ನಗಾಡ್ತಿದ್ದ. ಅವನ ಮಾತು ಸರಿ. ಮುಂಚೆ ತಂದು ಗಾಳಿಯಾಡದ ಡಬ್ಬದಲ್ಲಿಟ್ಟು, ಮೆತ್ತಗಾದರೆ ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿ.

ಕೊಡೋದರಲ್ಲೂ ಒಂದು ಕ್ರಮ ಬೇಕು. ನಾನು ಒಂದು ಸಣ್ಣ ಲೋಟ ಇಟ್ಟುಕೊಂಡಿದ್ದೆ. ಸೊಸೆಯ ಗೆಳತಿಯ ಮಗಳಾದರೂ ಅಷ್ಟೇ, ಯಾರೆಂದು ಗೊತ್ತಿಲ್ಲದ ಮಗುವಾದರೂ ಅಷ್ಟೇ, ಒಂದು ಲೋಟ. ಹಳೇ ನೋಟ್‌ಪುಸ್ತಕದ ಬರೆಯದ ಹಾಳೆಗಳಲ್ಲಿ ಯಜಮಾನರು ಕೂತಲ್ಲೇ ಪೊಟ್ಟಣ ಸುತ್ತಿ ಕೊಡುತ್ತಿದ್ದರು. ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ತಿಂಡಿಗೆ ಹತ್ತುತ್ತೆ. ಒದ್ದೆ ಉಸಲಿಗೆ ಬಾಳೆಎಲೆ ತುಂಡು. ತೀರಾ ಪುಟಾಣಿಗಳಿಗೆ ಕಡಲೆ, ಕಡಲೆಬೀಜ ಕೊಡದೆ ಮೆತ್ತಗಿನ ಉಂಡೆ. ಮತ್ತೆ ಒಂದು ಡಬ್ಬದಲ್ಲಿ ಕಲ್ಲುಸಕ್ಕರೆ ಯಾವಾಗಲೂ ಇರಲಿ. ಮಾಡಿದ್ದು ಮುಗಿದ ಮೇಲೆ ಬಂದ ಮಗುವಿಗೂ "ಇಲ್ಲ" ಅನ್ನೋ ಮಾತು ಬರಬಾರದು.

ನಾಲ್ಕನೇ ದಿನ ಒಂದು ಗುಂಪು ಬಂತು. ಎಲ್ಲರೂ ಒಳಗೆ ಬಂದರೂ ಏಳೆಂಟು ವರ್ಷದ ಒಂದು ಹುಡುಗಿ ಗೇಟಿನ ಹತ್ತಿರವೇ ನಿಂತಿದ್ದಳು. "ನೀನೂ ಬಾರಮ್ಮ" ಅಂದೆ. "ಅವ್ರ ಮನೇಲಿ ಈ ಹಬ್ಬ ಮಾಡಲ್ಲ ಅಜ್ಜಿ" ಅಂತ ಇನ್ನೊಂದು ಹುಡುಗ ಉತ್ತರ ಕೊಟ್ಟ. ಅವಳು ಅಲ್ಲಿಂದಲೇ ಮೆಟ್ಟಿಲ ಕಡೆ ಬೆರಳು ತೋರಿಸಿ, "ಆ ಕೆಂಪು ಬುಗುರಿ ನಮ್ಮ ಅಬ್ಬಾ ಮಾಡಿದ್ದು" ಅಂದಳು. ಹೌದು, ನಮ್ಮೂರಿನ ಮರದ ಆಟಿಕೆ ಮಾಡೋರಲ್ಲಿ ಮುಸಲ್ಮಾನ ಕುಟುಂಬಗಳು ಬಹಳ. ನಾನು ಆ ಬುಗುರಿ ತಂದಿದ್ದು ಎರಡು ಬೀದಿ ಆಚೆಯ ಒಂದು ಲೇತ್ ಮನೆಯಿಂದ.

"ಹಂಗಾದ್ರೆ ಒಳಗೆ ಬಂದು ಹೆಂಗೆ ಮಾಡ್ತಾರೆ ಹೇಳು, ನಮಗೂ ಗೊತ್ತಾಗ್ಲಿ" ಅಂದೆ. ಬಂದಳು. ಹಾಲೆ ಮರ ಒಣಗಿಸೋದು, ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಲ್ಲಿ ಕೆತ್ತೋದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಅಂಟೋದು, ಕೊನೆಗೆ ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ತರೋದು. ಎಲ್ಲಾ ಕೈಯಲ್ಲಿ ಮಾಡಿ ತೋರಿಸಿದಳು. ಹಾಡು ಹೇಳೋಕೆ ನಾಚಿಕೊಂಡು ಒಬ್ಬರ ಹಿಂದೆ ಒಬ್ಬರು ಅಡಗೋ ನಮ್ಮ ಬೀದಿ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಕಸುಬು ಅಂತ ಪೇಪರಲ್ಲಿ ಓದಿದ್ದೆವೇ ಹೊರತು, ಊರಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ. ಅವಳಿಗೂ ಒಂದು ಲೋಟ ಪುರಿ ಸಿಕ್ಕಿತು. ಮರುದಿನ ತಮ್ಮನನ್ನೂ ಗೆಳತಿಯನ್ನೂ ಕರೆದುಕೊಂಡು ಬಂದಳು.

ಬೀದಿ ಕೊನೆಯ ಕಟ್ಟಡ ಕೆಲಸದ ಶೆಡ್‌ಗಳಿಂದಲೂ ಮಕ್ಕಳು ಬರೋಕೆ ಶುರುವಾಯಿತು. ಅವುಗಳಿಗೆ "ಗೊಂಬೆ ಕೂರ್ಸಿದ್ದೀರಾ" ಅಂತ ಕೇಳೋಕೂ ಬಾರದು, ಸುಮ್ಮನೆ ಬಂದು ನಗುತ್ತಾ ನಿಲ್ಲುತ್ತಿದ್ದವು. ಪರಿಚಯದ ಒಬ್ಬರು, "ಹಿಂಗೆ ಕಂಡಕಂಡೋರನ್ನೆಲ್ಲ ಒಳಗೆ ಕರ್ಕೊಂಡ್ರೆ ಖರ್ಚು ಕೈ ಮೀರುತ್ತೆ ಕಣ್ರೀ, ಗೊತ್ತಿರೋರಿಗೆ ಒಳ್ಳೇ ಚಾಕ್ಲೇಟ್ ಕೊಡಿ, ಮಿಕ್ಕೋರ್ಗೆ ಆಯ್ತು ಅಂದ್ಬಿಡಿ" ಅಂತ ಸಲಹೆ ಕೊಟ್ಟರು. ನಾನು ಜಗಳಕ್ಕೆ ಹೋಗಲಿಲ್ಲ, ಲೆಕ್ಕದ ಪುಸ್ತಕ ತೋರಿಸಿದೆ. ಹತ್ತು ರೂಪಾಯಿ ಚಾಕೊಲೇಟ್ ಕೊಟ್ಟರೆ ನನ್ನ ದುಡ್ಡು 150 ಮಕ್ಕಳಿಗೆ ಮುಗಿಯುತ್ತೆ, ಆಮೇಲೆ ಯಾರನ್ನು ಬಿಡೋದು ಅಂತ ಆರಿಸಬೇಕು. ಕಾಳು, ಪುರಿ ಆದರೆ ಆರಿಸೋ ಕೆಲಸವೇ ಇಲ್ಲ.

ಬೆಂಗಳೂರಿನ ಮಗನ ಅಪಾರ್ಟ್‌ಮೆಂಟಿನಲ್ಲಿ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಮಾಡುತ್ತಾರೆ. ಮೊಮ್ಮಗಳು ದೆವ್ವದ ವೇಷ ಹಾಕಿ ಫ್ಲಾಟಿನಿಂದ ಫ್ಲಾಟಿಗೆ ಹೋಗಿ ಬುಟ್ಟಿ ತುಂಬಾ ಮಿಠಾಯಿ ತಂದಿದ್ದಳು. "ನಮ್ಮ ಗೊಂಬೆ ಬಾಗಿನದ ಹಾಗೇ ಅಲ್ವಾ ಅಜ್ಜಿ?" ಅಂತ ಕೇಳಿದಳು. ಹೌದು ಅಂದೆ. ಇಂಗ್ಲೆಂಡಿನಲ್ಲಿ ಹಿಂದೆ ಸತ್ತವರನ್ನು ನೆನೆಯುವ ದಿನ ಬಡವರು ಮನೆಮನೆಗೆ ಹೋಗಿ, ತೀರಿಕೊಂಡವರಿಗಾಗಿ ಪ್ರಾರ್ಥಿಸಿ, ಸಣ್ಣ ಕೇಕ್ ಪಡೆಯುತ್ತಿದ್ದರಂತೆ. ಅಲ್ಲೂ ಮನೇಲಿ ಸುಟ್ಟ ಪುಟ್ಟ ಕೇಕೇ. ಸೊಸೆ ಬುಟ್ಟಿಯ ಮಿಠಾಯಿ ಲೆಕ್ಕ ಹಾಕಿ, "ಅತ್ತೆ, ನೀವು ಹನ್ನೊಂದು ದಿನ ಮಾಡಿದ್ದನ್ನ ನಾವು ಒಂದೇ ಸಂಜೆ ಖರ್ಚು ಮಾಡಿದ್ದೀವಿ" ಅಂದಳು. ಮುಂದಿನ ಸಲ ಅವಳೂ ಕಡಲೆ ಮಿಠಾಯಿ ಕಟ್ಟುತ್ತಾಳಂತೆ.

ಕೊನೆಗೆ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ದಿನ ಬಂದಿದ್ದು 19 ಮಕ್ಕಳು, ದುರ್ಗಾಷ್ಟಮಿಗೆ 58, ಹನ್ನೊಂದು ದಿನಕ್ಕೆ ಒಟ್ಟು 432. ಖರ್ಚು 1,480 ರೂಪಾಯಿ, ಒಂದು ಮಗುವಿಗೆ ಸುಮಾರು ಮೂರೂವರೆ. ಮಗನಿಗೆ ಫೋನಲ್ಲಿ ಹೇಳಿದಾಗ, "ಇಪ್ಪತ್ತು ರೂಪಾಯಿ ಉಳಿಸಿದ್ಯಲ್ಲಮ್ಮ" ಅಂತ ನಕ್ಕ. ಆಯುಧಪೂಜೆ ಸಂಜೆ ಆ ಹುಡುಗಿ ಅಂಗೈಯಗಲದ ಒಂದು ಮರದ ಗಾಡಿ ತಂದಳು. ಒಂದು ಚಕ್ರದ ಬಣ್ಣ ಸರಿಯಾಗಿ ಹತ್ತಿರಲಿಲ್ಲ, ಮಾರೋಕೆ ಆಗಲ್ಲ ಅಂತ ಮನೇಲಿ ಉಳಿದದ್ದಂತೆ. "ಮೆಟ್ಟಿಲ ಮೇಲೆ ಇಡಿ ಅಂದ್ರು ಅಬ್ಬಾ" ಅಂದಳು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಇಟ್ಟೆವು. ವಿಜಯದಶಮಿ ರಾತ್ರಿ ಗೊಂಬೆ ಮಲಗಿಸಿ, ಮರುದಿನ ಬಟ್ಟೆ ಸುತ್ತಿ ಪೆಟ್ಟಿಗೆ ತುಂಬುವಾಗ ಯಜಮಾನರು ಅದನ್ನು ಮಾತ್ರ ಕೊಡಲಿಲ್ಲ. ಈಗ ಅವರ ಔಷಧಿ ಡಬ್ಬಿ ಪಕ್ಕ ಇದೆ.

ಈ ವರ್ಷಕ್ಕೆ ದಿನಕ್ಕೆ 50 ಮಕ್ಕಳು ಅಂತ ಅಂದಾಜು ಹಾಕಿದ್ದೇನೆ. ಕನಕಪುರದ ತಂಗಿ ಎರಡು ದಿನದ ಹೆಸರುಕಾಳು ತನ್ನದು ಅಂದಿದ್ದಾಳೆ. ನಿಮ್ಮ ಮನೆಯಲ್ಲಿ ಬಾಗಿನಕ್ಕೆ ಏನು ಮಾಡುತ್ತೀರಿ, ಎಷ್ಟು ಮಕ್ಕಳಿಗೆ ಎಷ್ಟು ಬೇಕಾಗುತ್ತೆ, ನೀವೂ ಬರೆದು ತಿಳಿಸಿ. ಬಟಾಣಿ ಬಿಟ್ಟು ಬೇರೇನಾದರೂ ಹೊಸದು ಸಿಕ್ಕರೆ ನನಗೂ ಒಂದು ದಿನದ ಚಿಂತೆ ತಪ್ಪುತ್ತೆ.