ಇಕ್ಕೇರಿಯ ಬೀದಿಯಲ್ಲಿ ಕೋಲಾಟದ ಒಂದು ಸಂಜೆ

ಮಲೆನಾಡಿನ ಶಾಸನಗಳಲ್ಲಿ ಸ್ತ್ರೀಯರ ಹೆಸರುಗಳಿಗೆ ಕೊರತೆಯಿಲ್ಲ. ಹೊಂಬುಜದಲ್ಲಿ 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿ ತೀರಿಹೋದ ಸೋದರಿಯ ನಾಲ್ವರು ಗಂಡುಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದವಳು. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡ ಜಕ್ಕಿಯಬ್ಬೆ ಬಂದಣಿಕೆಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟವಳು. ಇವರಲ್ಲದೆ ದತ್ತಿ ಬಿಟ್ಟವರು, ಕೆರೆ ಕಟ್ಟಿಸಿದವರು, ನಿಸಿದಿಗಲ್ಲಿನಲ್ಲಿ ಕೈಮುಗಿದು ಕುಳಿತವರು, ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳನ್ನು ಮೇಲೆತ್ತಿ ನಿಂತವರು ಎಷ್ಟೋ ಮಂದಿ ಇದ್ದಾರೆ.

ಆದರೆ ಕಲ್ಲಿಗೆ ತನ್ನದೇ ಆದ ಮಿತಿಯುಂಟು. ದಾನ, ವ್ರತ, ಮರಣ ಈ ಮೂರಕ್ಕೆ ಅದು ಸಾಕ್ಷಿ ನುಡಿಯುತ್ತದೆ. ಹದಿಹರೆಯದ ಹುಡುಗಿಯೊಬ್ಬಳು ಗೆಳತಿಯರೊಡನೆ ನಕ್ಕ ಒಂದು ಸಂಜೆಯನ್ನು ಯಾವ ಅರಸನೂ ಕೆತ್ತಿಸಲಿಲ್ಲ, ಯಾವ ಕವಿಯೂ ಶಾಸನಪದ್ಯಕ್ಕೆ ವಸ್ತುವನ್ನಾಗಿ ಮಾಡಲಿಲ್ಲ. ಅಂಥ ಒಂದು ಸಂಜೆ ಉಳಿದುಬಂದಿರುವುದು ಅನಿರೀಕ್ಷಿತವಾದ ಕಡೆಯಲ್ಲಿ: ರೋಮ್ ನಗರದ ಪ್ರವಾಸಿಯೊಬ್ಬ ಇಟಲಿಯ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ. ಊರು ಇಕ್ಕೇರಿ, ಕಾಲ 1623ರ ನವೆಂಬರ್ ತಿಂಗಳು.

ಆಗ ಇಕ್ಕೇರಿಯು ಕೆಳದಿ ಅರಸರ ರಾಜಧಾನಿ. ಇಂದು ಸಾಗರದಿಂದ ಕೆಲವೇ ಕಿಲೋಮೀಟರು ದೂರದ ಸಣ್ಣ ಹಳ್ಳಿಯಾಗಿ, ಅಘೋರೇಶ್ವರ ದೇವಾಲಯದಿಂದಲೇ ಗುರುತು ಉಳಿಸಿಕೊಂಡಿರುವ ಈ ಊರನ್ನು ಅಂದು ಹಿರಿಯ ವೆಂಕಟಪ್ಪ ನಾಯಕ ಆಳುತ್ತಿದ್ದನು. ಗೋವೆಯ ಪೋರ್ಚುಗೀಸರು ಅವನಲ್ಲಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ಆ ತಂಡದೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿ ಬಂದವನು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ಹುಟ್ಟಿದ ಈತನಿಗೆ ಆಗ ಮೂವತ್ತೇಳರ ಆಸುಪಾಸು. ವ್ಯಾಪಾರ ಇವನ ಉದ್ದೇಶವಲ್ಲ, ಮತಪ್ರಚಾರವೂ ಅಲ್ಲ. ನೋಡುವುದು, ಕೇಳುವುದು, ನೇಪಲ್ಸಿನಲ್ಲಿದ್ದ ವೈದ್ಯಮಿತ್ರ ಮಾರಿಯೊ ಸ್ಕಿಪಾನೊನಿಗೆ ಬರೆಯುವುದು, ಇವೇ ಅವನ ಕಾಯಕ. ಭಾರತವನ್ನು ಕುರಿತ ಅವನ ಪತ್ರಗಳು ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ. ಹಳೆಯ ಇಂಗ್ಲಿಷ್ ಅನುವಾದವನ್ನು ಹಕ್ಲೂಯ್ಟ್ ಸೊಸೈಟಿಯು 1892ರಲ್ಲಿ ಎರಡು ಸಂಪುಟಗಳಾಗಿ ಮತ್ತೆ ಹೊರತಂದಿತು.

ಈ ಪ್ರವಾಸಿಯ ಕುತೂಹಲ ಎಂಥದೆಂಬುದಕ್ಕೆ ಘಟ್ಟದ ಹಾದಿಯ ಒಂದು ಪ್ರಸಂಗ ಸಾಕು. ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕೆ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದರು. ರಾಯಭಾರಿಯ ಪರಿವಾರದವರು ಸಾಮಾನು ಸರಂಜಾಮಿನ ಚಿಂತೆಯಲ್ಲಿರುವಾಗ ಇವನು ಮಕ್ಕಳ ಬಳಿ ನಿಂತು, ನೆಲವೆಲ್ಲ ತುಂಬಿದ ಮೇಲೆ ಏನು ಮಾಡುವಿರಿ ಎಂದು ವಿಚಾರಿಸಿದನು. ಹೊಸ ಮರಳು ಹರಡಿ ಮತ್ತೆ ಬರೆಯುತ್ತೇವೆ ಎಂಬುದು ಹುಡುಗರ ಉತ್ತರ. ಕನ್ನಡ ನಾಡಿನ ಮರಳಿನ ಮೇಲಣ ಅಕ್ಷರಾಭ್ಯಾಸ ಹೀಗೆ ಇಟಲಿಯ ಓದುಗರಿಗೆ ತಲುಪಿತು.

ಇಕ್ಕೇರಿಗೆ ಬಂದಮೇಲೆ ಒಂದು ಸಂಜೆ ಬೀದಿಯಲ್ಲಿ ಅವನಿಗೆ ಹೆಣ್ಣುಮಕ್ಕಳ ಮೇಳಗಳು ಎದುರಾದವು. ಒಂದೊಂದು ಮೇಳದಲ್ಲಿ ಎಂಟು ಹತ್ತು ಮಂದಿ. ಗೆಳತಿಯರೋ ನೆರೆಹೊರೆಯವರೋ ಆಗಿರಬೇಕೆಂದು ಅವನ ಊಹೆ. ನಡುವಿನಿಂದ ಕೆಳಕ್ಕೆ ಚಿತ್ತಾರದ ರೇಷ್ಮೆ, ಹೆಗಲ ಮೇಲೆ ಅಂಥದೇ ಕುಸುರಿಯ ವಲ್ಲಿ. ತಲೆಯ ಮೇಲೆ ಹಳದಿ ಮತ್ತು ಬಿಳಿಯ ಹೂಗಳನ್ನು ಎತ್ತರವಾಗಿ ಕಟ್ಟಿದ ಮುಡಿ. ಅದರಿಂದ ಕೆಲವು ಹೂಗಳು ಸೂರ್ಯನ ಕಿರಣಗಳಂತೆ ಹೊರಕ್ಕೆ ಚಾಚಿಕೊಂಡಿದ್ದವು, ಕೆಲವು ಹೆಣೆದುಕೊಂಡು ಜೋಲಾಡುತ್ತಿದ್ದವು. ಹೂವಿನ ಹೆಸರನ್ನು ಅವನು ಬರೆದಿಲ್ಲ. ಕಾರ್ತಿಕ ಮಾಸದ ಮಲೆನಾಡಿನಲ್ಲಿ ಹಳದಿ ಬಿಳಿ ಹೂವೆಂದರೆ ಮೊದಲು ನೆನಪಾಗುವುದು ಸೇವಂತಿಗೆ. ಪ್ರತಿಯೊಬ್ಬಳ ಎರಡೂ ಕೈಗಳಲ್ಲಿ ಬಣ್ಣ ಬಳಿದ ದುಂಡನೆಯ ಚಿಕ್ಕ ಕೋಲುಗಳು. ಅವುಗಳ ಉದ್ದವನ್ನೂ ಅವನು ಮರೆಯದೆ ದಾಖಲಿಸಿದ್ದಾನೆ: ಒಂದು ಗೇಣು, ಅಥವಾ ತುಸು ಹೆಚ್ಚು. ವಾದ್ಯಗಳ ಗತಿಗೆ ಸರಿಯಾಗಿ ಕೋಲು ಹೊಯ್ಯುತ್ತ ಮೇಳಗಳು ಬೀದಿಯಲ್ಲಿ ಸಾಗಿದವು. ಅವುಗಳ ಹಿಂದೆ, ಅಂಥ ಉಡುಗೆ ತೊಡದ ಹಿರಿಯ ಹೆಂಗಸರ ಗುಂಪು. ಅವರು ತಾಯಂದಿರು ಮತ್ತು ಬಂಧುಗಳಿರಬೇಕೆಂದು ಪ್ರವಾಸಿ ಎಣಿಸಿದನು.

ಆ ಮೇಳದಲ್ಲೊಬ್ಬಳು ಉಳಿದವರಿಗಿಂತ ಹಾಡಿನಲ್ಲಿ ನುರಿತವಳು. ಅವಳು ಒಂದು ನುಡಿ ಹೇಳುವಳು. ಅದು ಮುಗಿದೊಡನೆ ಉಳಿದವರೆಲ್ಲ ಒಂದೇ ಪದವನ್ನು ಏಳೆಂಟು ಸಲ ತಿರುಗಿಸಿ ಹೇಳುವರು. ಆ ಪದವನ್ನು ದೆಲ್ಲಾ ವಾಲ್ಲೆ ತನಗೆ ಕೇಳಿಸಿದಂತೆ ರೋಮನ್ ಲಿಪಿಯಲ್ಲಿ ಬರೆದಿಟ್ಟಿದ್ದಾನೆ: ಕೋಲೆ, ಕೋಲೆ, ಕೋಲೆ. ಅದರ ಅರ್ಥ ತನಗೆ ತಿಳಿಯದೆಂದೂ ಬಹುಶಃ ಹರ್ಷವನ್ನು ಸೂಚಿಸುವ ಮಾತಿರಬೇಕೆಂದೂ ಒಂದು ಮಾತು ಸೇರಿಸಿದ್ದಾನೆ.

ಕನ್ನಡ ಓದುಗನಿಗೆ ಇಲ್ಲಿ ನಗು ಬರುವುದು ಸಹಜ. ತುರ್ಕಿ, ಪಾರಸಿ, ಅರಬ್ಬಿ ಭಾಷೆಗಳನ್ನು ಬಲ್ಲ ಪಂಡಿತನಿಗೆ ಎಟುಕದ ಪದದ ಅರ್ಥವು ಆ ಹುಡುಗಿಯರ ಕೈಯಲ್ಲೇ ಇತ್ತು. ಗೇಣುದ್ದವೆಂದು ಅವನು ಅಳೆದು ಬರೆದದ್ದು ಅದನ್ನೇ! ಕೋಲಾಟದ ಪದಗಳಲ್ಲಿ ಮುಂದಾಳು ನುಡಿಯನ್ನು ಎತ್ತಿಕೊಡುವುದು, ಹಿಂದಿನವರು ಕೋಲೆ ಎಂಬ ಸೊಲ್ಲನ್ನು ಹಿಡಿದು ಗತಿ ತುಂಬುವುದು ಇಂದಿಗೂ ಹಳ್ಳಿಗಳಲ್ಲಿ ನಡೆದಿರುವ ಕ್ರಮ. ಆದರೂ ಅವನ ಊಹೆ ತಪ್ಪಲ್ಲ. ಕೋಲು ಎಂಬ ನಾಮಪದವು ಸೊಲ್ಲಾಗಿ ಮತ್ತೆ ಮತ್ತೆ ತಿರುಗುವಾಗ ಅದರ ನಿಘಂಟಿನ ಅರ್ಥ ಸವೆದು ಉಲ್ಲಾಸವಷ್ಟೇ ಉಳಿಯುತ್ತದೆ. ಅರ್ಥ ಗೊತ್ತಿಲ್ಲದವನಿಗೂ ಭಾವ ಮುಟ್ಟಿತು. ಜಾನಪದ ಗೀತೆಗಳ ಸಂಗ್ರಹಕಾರ್ಯ ಆರಂಭವಾಗುವುದಕ್ಕೆ ಎರಡು ಶತಮಾನಗಳಿಗೂ ಹಿಂದೆ, ಹೆಣ್ಣುಮಕ್ಕಳ ಬಾಯಿಂದ ಕೇಳಿ ಕಾಲ ಸ್ಥಳಗಳೊಡನೆ ಬರೆದಿಟ್ಟ ಕನ್ನಡದ ಒಂದು ಸೊಲ್ಲು ಇದು. ಹಾಡುವ ವಿಧಾನ, ಮೇಳದ ಸಂಖ್ಯೆ, ಸೊಲ್ಲಿನ ಆವರ್ತನ, ಕೋಲಿನ ಅಳತೆ ಎಲ್ಲವೂ ಇದರಲ್ಲಿ ಇವೆ. ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಯ ಟಿಪ್ಪಣಿ ಇದಕ್ಕಿಂತ ಹೆಚ್ಚಿನದನ್ನು ಹೇಳುವುದು ಅಪರೂಪ.

ಹುಡುಗಿಯರು ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ಮಾಡುತ್ತಾರೆ ಎಂದು ಹಿಂದೆಯೇ ಹೋಗಿ ನೋಡುವ ಆಸೆ ದೆಲ್ಲಾ ವಾಲ್ಲೆಗೆ ಬಲವಾಗಿತ್ತು. ಆದರೆ ಜೊತೆಯಲ್ಲಿ ಪೋರ್ಚುಗೀಸರಿದ್ದರು. ಅವರನ್ನು ಬಿಟ್ಟು ಹೆಣ್ಣುಮಕ್ಕಳ ಮೇಳದ ಬೆನ್ನು ಹತ್ತುವುದು ಮರ್ಯಾದೆಯಲ್ಲ. ಅವರಿಗೋ ಇಂಥದರಲ್ಲಿ ಆಸಕ್ತಿಯೇ ಇಲ್ಲ. ಪೋರ್ಚುಗೀಸರು ಕುತೂಹಲವಿಲ್ಲದ ಜನ ಎಂದು ಆತ ಪತ್ರದಲ್ಲಿ ಒಂದೇ ಮಾತಿನಲ್ಲಿ ಕೈತೊಳೆದುಕೊಂಡಿದ್ದಾನೆ. ಮೆಣಸಿನ ಬೆಲೆಗೂ ಗಡಿಯ ತಕರಾರಿಗೂ ಘಟ್ಟ ಹತ್ತಿಬಂದವರ ನಡುವೆ ಕೋಲಾಟಕ್ಕಾಗಿ ಪರಿತಪಿಸಿದವನು ಇವನೊಬ್ಬನೇ.

ಆಮೇಲೆ ವಿಚಾರಿಸಿದಾಗ ವಿಷಯ ತಿಳಿಯಿತು. ಮೇಳಗಳು ದೊಡ್ಡ ದೇವಾಲಯದ ಮುಂದಿನ ಬಯಲಿಗೆ ಹೋಗಿ, ಅಲ್ಲಿ ವರ್ತುಲವಾಗಿ ಸುತ್ತುತ್ತ ಹೊತ್ತು ಮೀರುವವರೆಗೂ ಹಾಡಿ ಕುಣಿದವಂತೆ. ಗೌರಿಯ ಹಬ್ಬದ ಕೊನೆಯಲ್ಲಿ ಮೂರು ದಿನ ನಡೆಯುವ ಆಚರಣೆ ಇದು. ಗೌರಿಯ ಹಬ್ಬವಾದ್ದರಿಂದಲೇ ಹೆಣ್ಣುಮಕ್ಕಳಿಗೆ ಮೀಸಲು. ಭಾದ್ರಪದದ ಗೌರಿಯನ್ನಷ್ಟೇ ಬಲ್ಲವರಿಗೆ ನವೆಂಬರಿನಲ್ಲಿ ಗೌರಿ ಎಲ್ಲಿಂದ ಬಂದಳೆಂಬ ಸಂದೇಹ ಬರಬಹುದು. ಆ ವರ್ಷದ ಕಾರ್ತಿಕ ಹುಣ್ಣಿಮೆ ಬಿದ್ದದ್ದು ಗಣಿತದ ಪ್ರಕಾರ ನವೆಂಬರ್ 7ರ ಸುಮಾರಿಗೆ. ಉತ್ತರ ಕರ್ನಾಟಕದಲ್ಲಿ ಈ ಹುಣ್ಣಿಮೆಗೆ ಇಂದಿಗೂ ಗೌರಿ ಹುಣ್ಣಿಮೆಯೆಂದೇ ಹೆಸರು. ಹುಡುಗಿಯರು ಹೊಸ ಬಟ್ಟೆ ತೊಟ್ಟು, ಸಕ್ಕರೆ ಗೊಂಬೆಗಳ ಆರತಿ ಹಿಡಿದು, ಕೋಲಾಟದ ಪದ ಹಾಡುತ್ತ ಗೌರಿಯ ಬಳಿಗೆ ಹೋಗುವ ದಿನ ಅದು. ಇಕ್ಕೇರಿಯಲ್ಲಿ ನಡೆದದ್ದು ಇದರ ಒಡಹುಟ್ಟಿದ ಆಚರಣೆಯೆಂದು ತಿಳಿಯಲು ಅಡ್ಡಿಯಿಲ್ಲ. ಹಾಗಾದರೆ ಹೊತ್ತು ಮೀರುವವರೆಗೂ ಕುಣಿಯಲು ಬೇಕಾದ ಬೆಳಕನ್ನು ಆಕಾಶವೇ ಒದಗಿಸಿತ್ತು.

ಇದೇ ಪತ್ರದಲ್ಲಿ ಮತ್ತೊಬ್ಬ ಸ್ತ್ರೀಯ ಪ್ರಸ್ತಾಪವಿದೆ. ನವೆಂಬರ್ 16ರಂದು ದೆಲ್ಲಾ ವಾಲ್ಲೆ ಅವಳ ಮನೆಗೆ ಹೋದನು. ತೆಲುಗು ಕುಲದ ಡೋಲು ಬಾರಿಸುವವನೊಬ್ಬನ ವಿಧವೆ. ವಯಸ್ಸು ಸುಮಾರು ಮೂವತ್ತು. ಗಂಡ ಸತ್ತು ಕೆಲವು ದಿನಗಳಾಗಿದ್ದವು, ತಾನು ಸಹಗಮನ ಮಾಡುವುದಾಗಿ ಅವಳು ಸಾರಿದ್ದಳು. ಅಂಗಳದಲ್ಲಿ ಬಿಳಿಯ ಬಟ್ಟೆಯುಟ್ಟು, ಆಭರಣ ತೊಟ್ಟು, ಮಾಸ್ತಿಕಲ್ಲುಗಳಲ್ಲಿ ಕಾಣುವಂತೆಯೇ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕುಳಿತಿದ್ದಳು. ಸುತ್ತಲೂ ವಾದ್ಯ ಮೊಳಗುತ್ತಿತ್ತು. ಮದುವಣಗಿತ್ತಿಯಂತೆ ನಗುನಗುತ್ತ ಮಾತನಾಡುತ್ತಿದ್ದಳು. ಅವಳ ತಲೆಯ ಮೇಲೆ ಹೂವಿನ ದಂಡೆಯಿತ್ತು, ಸೂರ್ಯನ ಕಿರಣಗಳಂತೆ ಹರಡಿಕೊಂಡ ದಂಡೆ.

ಕೋಲಾಟದ ಹುಡುಗಿಯರ ಮುಡಿಗೂ ಈಕೆಯ ದಂಡೆಗೂ ಪ್ರವಾಸಿಗೆ ದೊರೆತ ಉಪಮಾನ ಒಂದೇ. ಹಬ್ಬಕ್ಕೂ ಚಿತೆಗೂ ಆ ಊರಿನ ಹೆಣ್ಣು ಮುಡಿಯುತ್ತಿದ್ದುದು ಒಂದೇ ಬಗೆಯ ಹೂ. ಈ ಎರಡು ಚಿತ್ರಗಳ ನಡುವೆ ಅಂತರ ಕೆಲವೇ ದಿನಗಳದು, ಕೆಲವೇ ಪುಟಗಳದು. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಆ ಸಂಜೆಯ ನಗು ಹಗುರವಾದದ್ದೆಂದು ತಳ್ಳಿಹಾಕಲು ಮನಸ್ಸಾಗದು. ಅದು ಎಷ್ಟು ಕಡಿಮೆ ಅವಧಿಯದೆಂಬುದು ಹಿಂದೆ ನಡೆದುಬಂದ ತಾಯಂದಿರಿಗೆ ತಿಳಿದಿದ್ದಿತು.

ಆ ವಿಧವೆಯ ಹೆಸರನ್ನು ದೆಲ್ಲಾ ವಾಲ್ಲೆ ಕೇಳಿ ಬರೆದುಕೊಂಡನು: ಜಕ್ಕಮ್ಮ. ನಾಗರಖಂಡವನ್ನು ನಡೆಸಿದ ಜಕ್ಕಿಯಬ್ಬೆಯ ಹೆಸರಿನೊಳಗಣ ಜಕ್ಕಿಯೇ ಇಲ್ಲಿಯೂ ಇದ್ದಾಳೆ. ಬೇಡವೆಂದು ಅವಳಿಗೆ ಹೇಳಿನೋಡಿದನು. ಅವಳು ಒಪ್ಪದಿದ್ದಾಗ, ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಎಂದು ಮಾತು ಕೊಟ್ಟನು. ಆ ಮಾತನ್ನು ನಡೆಸಿಯೂಕೊಟ್ಟನು. ಅವನ ಮನಸ್ಸು ಅಲ್ಲಿ ತಂಗಿದ್ದಕ್ಕೆ ಕಾರಣವಿದೆ. ಅವನ ಪತ್ನಿ ಮಾನಿ 1621ರ ಡಿಸೆಂಬರಿನಲ್ಲಿ ಹೊರ್ಮುಜ್ ಸಮೀಪ ತೀರಿಕೊಂಡಿದ್ದಳು. ರೋಮಿನಲ್ಲಿಯೇ ಮಣ್ಣು ಮಾಡಬೇಕೆಂದು ಅವಳ ದೇಹವನ್ನು ಪೆಟ್ಟಿಗೆಯಲ್ಲಿರಿಸಿ ಅವನು ಭಾರತಕ್ಕೂ ತಂದಿದ್ದನು. ಸತ್ತ ಹೆಂಡತಿಯನ್ನು ಬಿಡಲಾರದ ಗಂಡನಿಗೆ, ಸತ್ತ ಗಂಡನನ್ನು ಬಿಡಲಾರೆನೆಂದ ಹೆಂಡತಿ ಅಂಗಳದಲ್ಲಿ ಎದುರಾಗಿದ್ದಳು.

ಹೀಗೆ ಸಾಯಹೊರಟವಳಿಗೆ ಹೆಸರು ಉಳಿಯಿತು, ಹಾಡಹೊರಟವಳಿಗೆ ಉಳಿಯಲಿಲ್ಲ. ಕಲ್ಲಿನ ಶಾಸನಕ್ಕೂ ಕಾಗದದ ಪತ್ರಕ್ಕೂ ಈ ಒಂದು ವಿಷಯದಲ್ಲಿ ಭೇದವಿಲ್ಲ. ನುಡಿಯನ್ನು ಎತ್ತಿಕೊಡುತ್ತಿದ್ದ ಆ ನುರಿತ ಹುಡುಗಿ ಯಾರ ಮಗಳು, ಯಾವ ಕೇರಿಯವಳು ಎಂದು ಕೇಳುವ ಅವಕಾಶ ಪ್ರವಾಸಿಗೆ ದೊರೆಯಲಿಲ್ಲ. ಮರಳಿನ ಮೇಲೆ ಬರೆಯುತ್ತಿದ್ದ ಹುಡುಗರ ಬಳಿ ನಿಂತು ಮಾತನಾಡಿದಂತೆ ಇವರ ಬಳಿ ನಿಲ್ಲುವುದು ಪದ್ಧತಿಯಾಗಿರಲಿಲ್ಲ.

ಆದರೆ ಅವಳಿಗೆ ಇನ್ನೊಂದು ಬಗೆಯ ಉಳಿವು ಸಂದಿದೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಇಂದಿಗೂ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಮೂಡುತ್ತದೆ. ಬರೆದವಳು ಅದರ ಮೂಲೆಯಲ್ಲಿ ಹೆಸರು ಹಾಕುವ ರೂಢಿಯಿಲ್ಲ. ತಾಯಿ ಬರೆದುದನ್ನು ನೋಡಿ ಮಗಳು ಕಲಿಯುತ್ತಾಳೆ, ಗೆರೆ ಉಳಿಯುತ್ತದೆ. ಹಾಡಿನ ವಿಷಯವೂ ಹಾಗೆಯೇ. ಇಕ್ಕೇರಿಯ ಹುಡುಗಿಯ ಹೆಸರು ಹೋಯಿತು, ಅವಳು ಎತ್ತಿಕೊಟ್ಟ ನುಡಿಗಳೂ ಹೋದವು. ಗೆಳತಿಯರು ಹಿಡಿದ ಸೊಲ್ಲು ಮಾತ್ರ ಇಟಲಿಯ ಪುಸ್ತಕದಲ್ಲಿಯೂ ಕನ್ನಡದ ಹಳ್ಳಿಗಳಲ್ಲಿಯೂ ಒಂದೇ ರೂಪದಲ್ಲಿ ಉಳಿದಿದೆ.

1639ರ ಹೊತ್ತಿಗೆ ರಾಜಧಾನಿ ಬಿದನೂರಿಗೆ ಹೋಯಿತು. ದೆಲ್ಲಾ ವಾಲ್ಲೆ ಕಂಡ ಬೀದಿಗಳು ಇಂದು ಗದ್ದೆ ತೋಟಗಳ ನಡುವೆ ಕಳೆದುಹೋಗಿವೆ. ಅಘೋರೇಶ್ವರನ ಮುಂದೆ ನಂದಿಮಂಟಪವಿದೆ, ಪಕ್ಕದಲ್ಲಿ ಪಾರ್ವತಿಯ ಗುಡಿಯಿದೆ, ಒಳಗಿನ ನೆಲದಲ್ಲಿ ಸಾಷ್ಟಾಂಗ ಎರಗಿದ ಮೂವರು ನಾಯಕರ ರೂಪಗಳಿವೆ. ನೋಡಲು ಬಂದ ಸಂಶೋಧಕರು ಅವನ್ನು ಬಗ್ಗಿ ಗುರುತಿಸುತ್ತಾರೆ, ಕಂಬಗಳನ್ನು ಎಣಿಸುತ್ತಾರೆ. ಹೊರಗಿನ ಬಯಲಿನಲ್ಲಿ ಗುರುತಿಸುವಂಥದು ಏನೂ ಇಲ್ಲ. ಒಂದಾನೊಂದು ಕಾರ್ತಿಕದಲ್ಲಿ ಹುಡುಗಿಯರು ಸುತ್ತು ಕಟ್ಟಿ ಹೊತ್ತು ಮೀರುವವರೆಗೂ ಕುಣಿದದ್ದು ಅಲ್ಲಿ. ಅವರ ತಾಯಂದಿರು ಮನೆಗೆ ಕರೆಯದೆ ಕಾದು ಕುಳಿತದ್ದೂ ಅಲ್ಲಿಯೇ ಇರಬೇಕು.